ಬಿಳಿ ವಂಶವಾಹಿಯವರಲ್ಲಿ ಅರಿಕೆ: ನಮ್ಮ ಕರಿಯನ ವಿಷಯ

…ಕರೀ ಆಕಳ ಹಾಲೇನು ಕರ್ರಗಿರ್ತೈತೇನು ಎಂದು ನನ್ನ ಸೋದರತ್ತೆ ಮೈಲಮ್ಮ ಯಾರಿಗೋ ಅಂದಿದ್ದರು; ಯಾರಿಗೆ, ಯಾವ ಜಗಳದಲ್ಲಿ ಎಂಬುದು ಮರೆತಿದೆ. ಮಾನ್ಯರೇ, ನಾಯಿಗಳ ರಕ್ತದಲ್ಲಿ ಅಜ್ಞಾತವಾಸದಲ್ಲಿರುವ ತಮ್ಮ ಯೋಗಕ್ಷೇಮ ವಿಚಾರಿಸಿ, ಕೊಟ್ಟೂರಿನ ಕಾಲೇಜೊಂದರಲ್ಲಿ ಹದಿನೆಂಟು ವರ್ಷದಿಂದ ಜೀವಶಾಸ್ತ್ರ ಕಲಿಸುತ್ತಿರುವ ನಾನು ಅರಿಕೆ ಮಾಡಿಕೊಳ್ಳುವುದೇನೆಂದರೆ:

೧೯೯೮ರಲ್ಲಿ, ದಾವಣಗೆರೆಯ ನಾಯಿ ವ್ಯಾಪಾರಿಯೊಬ್ಬರಲ್ಲಿ, ಇನ್ನೂ ಹುಟ್ಟದ ಜರ್ಮನ್ ಶೆಫರ್ಡ್ ಮರಿಗೆ ಮುಂಗಡ ಕೊಟ್ಟೆ. ತಂದೆ ತಾಯಿ ಇಬ್ಬರದೂ ಬೆನ್ನು ಕಪ್ಪು, ಕಾಲು ಕಂದು. ಆದ್ದರಿಂದ ಮರಿಗೆ ಕರಿಯ ಎಂದು ಹೆಸರಿಟ್ಟು, ಮಕ್ತುಂ ಸಾಬರ ಅಂಗಡಿಯಲ್ಲಿ ಅದನ್ನು ಹಿತ್ತಾಳೆ ಬಿಲ್ಲೆಯ ಮೇಲೆ ಕೆತ್ತಿಸಿಯೂ ಆಯಿತು. ಇಬ್ಬರಲ್ಲೂ ತಾವು ಅಡಗಿದ್ದರೆ ನಾಲ್ಕರಲ್ಲೊಂದು ಮರಿ ಬಿಳಿಯಾಗಬಹುದೆಂದು ವರ್ಷವರ್ಷವೂ ಬೋರ್ಡಿನ ಮೇಲೆ ಚೌಕ ಬರೆದು ತೋರಿಸುವವನು ನಾನೇ. ಆದರೆ ಪಾಠದ ನಿಯಮ ಮೇಷ್ಟರ ಮನೆಗೂ ಬಂದೀತೆಂದು ನನಗೆ ಹೊಳೆದಿರಲಿಲ್ಲ. ಬಸ್ಸಿನಿಂದಿಳಿದ ಬುಟ್ಟಿಯಲ್ಲಿ ಬಿಡಿಸಿದ ಹತ್ತಿಯಂಥ ಮರಿಯನ್ನು ಕಂಡ ಮಕ್ತುಂ ಸಾಬರು, "ಕೆತ್ತಿದ್ದು ಅಳಸಾಕ ಬರಂಗಿಲ್ರಿ ಸರ, ನೀವ ಕಣ್ಣು ಮುಚ್ಚಿಕೊಂಡು ಕರೀರಿ" ಎಂದು ಸಮಾಧಾನ ಹೇಳಿದರು.

ತಮ್ಮ ದಯೆಯಿಂದ ಮುಂದೆ ನಮ್ಮ ಮನೆತನ ಬಹಳ ಮೇಲಕ್ಕೇರಿತು. ನಾಲ್ಕು ದಿನಕ್ಕೊಮ್ಮೆ ಬರುವ ನಲ್ಲಿ ನೀರಿನಲ್ಲಿ ಮೊದಲ ಪಾಲು ಕರಿಯನ ಸ್ನಾನಕ್ಕೆ ಹೋಯಿತು, ಏಕೆಂದರೆ ನಮ್ಮ ಕೆಂಪು ಧೂಳಿನಲ್ಲಿ ಬಿಳಿ ನಾಯಿ ಒಂದು ಗಂಟೆಯೂ ಬಿಳಿಯಾಗಿರುವುದಿಲ್ಲ. ರೋಗ ನಿರೋಧಕ ಚುಚ್ಚುಮದ್ದು ಐಸು ತುಂಬಿದ ಫ್ಲಾಸ್ಕಿನಲ್ಲಿ ಬಸ್ಸಿಗೆ ಟಿಕೆಟ್ಟು ಕೊಂಡು ಬಂದಿತು. ಎಂದೂ ಮೊಟ್ಟೆ ಹೊಸಿಲು ದಾಟದ ಮನೆಯಲ್ಲಿ, ನನ್ನ ಹೆಂಡತಿ ಅನ್ನದಾನಮ್ಮ ಹಿತ್ತಲಿನಲ್ಲಿ ಮೂರು ಕಲ್ಲು ಹೂಡಿ, ಮುಖ ಆಚೆ ತಿರುಗಿಸಿಕೊಂಡು, ದಿನಕ್ಕೆರಡು ಮೊಟ್ಟೆ ಬೇಯಿಸಿದಳು. "ನಿಮ್ಮಪ್ಪಗ ಹಾಲಿಲ್ಲದ ಚಾ ಕೊಟ್ಟೀನಿ, ನೀ ಉಣ್ಣೋ ಮಾರಾಯ" ಎಂದು ಅವನಿಗೆ ಹೇಳುವುದು ಓದುತ್ತಿದ್ದ ನನಗೆ ಕೇಳಿಸುತ್ತಿತ್ತು.

ಈ ಸುಗ್ಗಿಯ ನಂತರ, ಗೊಬ್ಬರಕ್ಕೆಂದು ನಮ್ಮ ಹೊಲದಲ್ಲಿ, ಊರೂರು ತಿರುಗುವ ಕುರಿಗಾಹಿ ಕರಿಸಿದ್ದಪ್ಪನ ಕುರಿಗಳನ್ನು ಮುಳ್ಳುಬೇಲಿ ಹಾಕಿ ತರುಬಿಸಿದೆ. ಮೊಟ್ಟೆ ತಿಂದು ಮಲಗುತ್ತಿದ್ದ ಕರಿಯ ಕುರಿಗಳನ್ನು ಕಂಡವನೇ, ಯಾರೂ ಕಲಿಸದ ಕೆಲಸವನ್ನು ಶುರುಮಾಡಿ, ಚದುರಿದ್ದನ್ನೆಲ್ಲ ಸುತ್ತುಹಾಕಿ ಕೂಡಿಸಿದ. ಹಿಂಡು ಹೊರಡುವ ದಿನ ಕರಿಸಿದ್ದಪ್ಪನ ತಂದೆ ಎರ್ರೆಪ್ಪ ಮುಳ್ಳುಬೇಲಿಯ ಬಾಗಿಲಲ್ಲಿ ಕೂತು, ಹಾದುಹೋಗುವ ಕುರಿಗಳ ಬೆನ್ನಿಗೆ ಕೆಮ್ಮಣ್ಣಿನ ಗುರುತು ಹಾಕುತ್ತಿದ್ದ. ಕರೀ ಕುರಿಯ ಮೇಲೆ ಕೆಮ್ಮಣ್ಣು ಕಾಣುವುದಿಲ್ಲವಾದ್ದರಿಂದ ಗುರುತು ಬಿಳಿಯವಕ್ಕೆ ಮಾತ್ರ. ಮುದುಕನ ಕಣ್ಣಿಗೆ ಉಳಿದಿರುವುದೂ ಕಪ್ಪು ಬಿಳುಪಿನ ಭೇದವಷ್ಟೇ. ಸಾಲಿನ ಹಿಂದೆ ಶಿಸ್ತಾಗಿ ಬಂದ ಕರಿಯನಿಗೂ ಅವನು ಗುರುತು ಒತ್ತಿದ. ನಾನು ಓಡಿಹೋದೆ.

"ಗುರುತು ಬಿದ್ದದ್ದು ಹಿಂಡಿಂದ್ರಿ ಸರ. ಉಣ್ಣಿ ಕತ್ತರಸೂಮಟ ಹೊರಗ ಬಿಟ್ರ ಕುರಿಗೆ ರೋಗ ಬರತೈತಿ" ಎಂದ ಎರ್ರೆಪ್ಪ.

"ಅದು ನಾಯಿ ಕಣೋ, ಅದಕ್ಕೆಲ್ಲಿಯ ಉಣ್ಣೆ?"

"ಹಂಗಾರ ಕತ್ತರಸೂದs ಇಲ್ಲ ಬಿಡ್ರಿ."

ಕರಿಯ ಹಿಂಡಿನ ಬೆನ್ನಿಗೇ ಹೊರಟುಹೋದ. ಮಾನ್ಯರೇ, ಅವನು ಕಪ್ಪಾಗಿದ್ದರೆ ಇಂದು ನನ್ನ ಕಾಲ ಬಳಿ ಇರುತ್ತಿದ್ದ. ಆದ್ದರಿಂದ ತಾವು ದೊಡ್ಡ ಮನಸ್ಸು ಮಾಡಿ, ಕೇವಲ ಒಂದು ಮುಂಜಾನೆಯ ಮಟ್ಟಿಗೆ ಅವನ ಮೈಯಿಂದ ರಜೆಯ ಮೇಲೆ ಹೋಗಬೇಕೆಂದೂ, ಎರ್ರೆಪ್ಪ ಅವನನ್ನು ಗುರುತಿಲ್ಲದ ಕರೀ ನಾಯಿಯೆಂದು ಬೈದು ಹಿಂಡಿನಿಂದ ಅಟ್ಟುವಂತೆ ಮಾಡಬೇಕೆಂದೂ ಪ್ರಾರ್ಥನೆ. ತಮ್ಮನ್ನು ಪಾಠದಲ್ಲಿ ದುರ್ಬಲರೆಂದು ಕರೆದದ್ದಕ್ಕೆ ಕ್ಷಮೆಯಿರಲಿ. ಪರೀಕ್ಷೆಗೆ ಹಾಗೆಯೇ ಬರೆಯಬೇಕಾಗಿದೆ.

ಅನ್ನದಾನಮ್ಮ ಇನ್ನೂ ಹಿತ್ತಲಿನ ಮೂರು ಕಲ್ಲುಗಳನ್ನು ತೆಗೆದಿಲ್ಲ.

ತಮ್ಮಿಂದಲೇ ಕಲಿತು ತಮ್ಮಿಂದಲೇ ಕೆಟ್ಟ,
ತಮ್ಮ ವಿಶ್ವಾಸಿ,
ಗುರುಸಂಗಪ್ಪ

ತಾ.ಕ.: ಹಿಂಡು ಹಡಗಲಿ ದಾಟಿದೆಯಂತೆ. ಕರಿಸಿದ್ದಪ್ಪನ ಕರೀ ಹೆಣ್ಣುನಾಯಿ ಕರಿಯನಿಂದ ಗಬ್ಬವಾಗಿದ್ದು, "ಎಲ್ಲಾ ಕರ್ರಗs ಹುಟ್ಟತಾವ, ಸರಗೊಂದು ಕೊಡ್ತೀನಿ" ಎಂದು ಹೇಳಿಕಳಿಸಿದ್ದಾನೆ. ಕಪ್ಪೇ ಹುಟ್ಟಬಹುದು, ಒಳಗೆ ತಾವು ಇದ್ದೇ ಇರುತ್ತೀರಿ. ಆದರೆ ನನಗೀಗ ಕಪ್ಪು ಮರಿ ಬೇಡವಾಗಿದೆ. ಬೇಡವೆಂದಾಗ ಹೇಳದೆ ಕೇಳದೆ ಬಂದವರು ತಾವು. ಬೇಕೆಂದು ಬರೆದುಕೊಂಡರೆ ಎಷ್ಟನೆಯ ತಲೆಮಾರಿಗೆ ಬರುತ್ತೀರಿ?