ಒಂದು ಎಲೆಯ ಹೊತ್ತು

ತನ್ನ ಗಾಡಿಗೆ ಇನ್ನೊಬ್ಬರ ಕೈ ಹಚ್ಚಗೊಡುವುದಿಲ್ಲ ಎಂದು ಅರುಣಕುಮಾರ ಶಪಥ ಮಾಡಿದ್ದ! ವಿಜಯಪುರದ ಒಂದು ಸಹಕಾರಿ ಸಂಘದ ಮ್ಯಾನೇಜರ ಈತ. ಸೊಲ್ಲಾಪುರ ರಸ್ತೆಯಲ್ಲಿ ನಟ್ಟು ಬಿಗಿಯುವ ಪಾನೆಗಳ ಡಬ್ಬಿಯೊಂದನ್ನು ಕೊಂಡು, ಮೊಬೈಲಿನಲ್ಲಿ ಒಂದಿಷ್ಟು ವಿಡಿಯೋ ನೋಡಿದ ಮೇಲೆ, ಇಂಜಿನ್ನಿನ ಕೆಮ್ಮು ಕೇಳಿಯೇ ರೋಗ ಹೇಳುವ ಧನ್ವಂತರಿ ತಾನು ಎಂಬ ನಂಬಿಕೆ ಅವನಿಗೆ ಬಂದುಬಿಟ್ಟಿತ್ತು. ಆ ಹಳೆಯ ಕಾರಿಗೆ ಮಾತ್ರ ಈ ವಿಷಯವನ್ನು ಯಾರೂ ತಿಳಿಸಿರಲಿಲ್ಲ.

ಕಾರು ಮೊದಲು ಬಸಗೊಂಡಪ್ಪನದು. ಘೋಣಸಗಿಯ ದ್ರಾಕ್ಷಿ ತೋಟದವನು, ಹೆಂಡತಿ ನಂದಾಳ ಕಾಕಾ. ತಂದೆ ಇಲ್ಲದ ಹುಡುಗಿಯನ್ನು ಎತ್ತಿ ಆಡಿಸಿ, ಸಾಲಿ ಕಲಿಸಿ, ಮದುವೆ ಮಾಡಿಕೊಟ್ಟವನು ಅವನೇ. ವಯಸ್ಸಾಗಿ ಕೈ ನಡುಗತೊಡಗಿದಾಗ ಚಾವಿಯನ್ನು ಅಳಿಯನ ಕೈಗಿಟ್ಟ. ಇಂದಿಗೂ ಒಳಗೆ ಕೂತರೆ ಒಣದ್ರಾಕ್ಷಿಯ ವಾಸನೆ. ಚಾವಿಯ ಜೊತೆ ಒಂದು ಉಪದೇಶವನ್ನೂ ಕೊಟ್ಟಿದ್ದ.

"ಇಂಜಿನ್ ಬಿಸಿ ಇದ್ದಾಗ ಚೋಕ್ ಎಳೀಬ್ಯಾಡ್ರಿ. ಪೆಟ್ರೋಲ್ ಘಮ್ ಅಂತಂದ್ರ ಕುಡದಿದ್ದು ಜಾಸ್ತಿ ಆಗೇತಿ ಅಂತ ತಿಳೀರಿ. ಕೈ ಬಿಡ್ರಿ. ಕೆಳಗ ಇಳದು ಒಂದು ಎಲಿ-ಅಡಿಕಿ ಹಾಕೋರಿ. ಎಲಿ ಮುಗದ ಮ್ಯಾಲ ಎಕ್ಸಲೇಟರ್ ಪೂರಾ ಒತ್ತಿ ಹಿಡದು ಚಾವಿ ತಿರುವ್ರಿ. ಕುಟ್ಟಬ್ಯಾಡ್ರಿ."

ಅರುಣಕುಮಾರ ಹೊಟ್ಟೆ ಹಿಡಿದು ನಕ್ಕಿದ್ದ. "ಮಾವಾರ, ಎಲಿ ಹಾಕೋಳಾಕ ನಿಮಗ ಒಂದು ನೆಪ ಬೇಕ್ರಿ!"

ಆ ಕಾಕಾ ಈಗ ತೀರಿಹೋಗಿದ್ದ. ಬೆಳಿಗ್ಗೆ ಸುದ್ದಿ ಬಂದಾಗಿನಿಂದ ನಂದಾಳಿಗೆ ಒಂದೇ ಹಂಬಲ. ಮಣ್ಣಿಗೆ ಒಯ್ಯುವ ಮೊದಲು ತಾನು ಅಲ್ಲಿರಬೇಕು, ಕೊನೆಯ ಸಲ ಮುಖ ನೋಡಬೇಕು.

"ಬಸ್ಸಿಗೆ ಹೋಗೂಣಲ್ರಿ," ಎಂದಳು.

"ಕಾಕಾನ ಗಾಡಿ ಇದ್ದಾಗ ಬಸ್ ಯಾಕ? ನಾ ಅದೀನಿಲ್ಲ!"

ತಿಕೋಟಾವರೆಗೆ ಗಾಡಿ ಸುಸೂತ್ರವಾಗಿ ಓಡಿತು. ಅಲ್ಲಿ ಹಾರಕ್ಕೆಂದು ನಿಲ್ಲಿಸಿದರು. ನಂದಾ ಹಾರದ ಜೊತೆ ಎಲೆ, ಅಡಿಕೆ, ಸುಣ್ಣವನ್ನೂ ಕೊಂಡಳು. ಕಾಕಾನನ್ನು ಅವುಗಳಿಲ್ಲದೆ ಕಳಿಸುವುದು ಹೇಗೆ? ಅರುಣಕುಮಾರ ಬಂದು ಕೂತವನೇ ಕಾದ ಇಂಜಿನ್ನಿಗೆ ಚೋಕ್ ಎಳೆದು, ಎಕ್ಸಲೇಟರನ್ನು ದಬದಬ ಕುಟ್ಟಿ ಚಾವಿ ತಿರುವಿದ. ಗರ್‌... ಗರ್‌... ಗರ್‌... ಗಾಡಿ ಚಾಲೂ ಆಗಲಿಲ್ಲ.

"ಪೆಟ್ರೋಲ್ ಬರವಲ್ದು," ಎಂದು ಧನ್ವಂತರಿ ತೀರ್ಪು ಕೊಟ್ಟ.

"ಬರವಲ್ದು? ವಾಸನಿಗೆ ಮೂಗು ಮುಚ್ಚಿ ಕುಂತೀನ್ರೀ ನಾ!"

"ಅದು ಹೊರಗಿನ ವಾಸನಿ. ಒಳಗ ಬರವಲ್ದು." ಮತ್ತೆ ಕುಟ್ಟಿದ.

ಅಷ್ಟರಲ್ಲಿ ಬಬಲೇಶ್ವರದಿಂದ ಬಂದ ಜೀಪೊಂದು ಪಕ್ಕಕ್ಕೆ ನಿಂತಿತು. ಒಳಗಿನಿಂದ ನಂದಾಳ ಅಕ್ಕ ಗುರುಬಸವ್ವ ತಲೆ ಹೊರಹಾಕಿದಳು.

"ಬಾ ಬೇ ನಂದಾ, ಒಬ್ಬಾಕಿಗೆ ಜಾಗಾ ಐತಿ. ನಾಕಕ್ಕ ಎತ್ತತಾರಂತ!"

ನಂದಾ ಬಾಗಿಲಿಗೆ ಕೈ ಹಾಕಿದ್ದಳು. ಅರುಣಕುಮಾರನ ಸ್ವಾಭಿಮಾನ ಕೆರಳಿತು.

"ನೀವು ಮುಂದ ನಡೀರಿ ಅಕ್ಕಾರ! ನಿಮಗಿಂತ ಮೊದಲ ನಾವು ಮುಟ್ಟತೀವಿ!"

ಅಕ್ಕನೆದುರು ಗಂಡನ ಮಾನ ಕಳೆಯಲು ಮನಸ್ಸಾಗದೆ ನಂದಾ ಕೈ ಹಿಂತೆಗೆದಳು. ಜೀಪು ಮರೆಯಾಗುವವರೆಗೆ ಅದನ್ನೇ ನೋಡಿದಳು.

ಬಾನೆಟ್ ಮೇಲೇರಿತು. ಬಾನೆಟ್ ಏರಿದ ಮೇಲೆ ಜನರಿಗೆ ಬೇರೆ ಕರೆಯೋಲೆ ಬೇಕಿಲ್ಲ. ಒಬ್ಬ ಬ್ಯಾಟರಿ ಎಂದ, ಒಬ್ಬ ಪ್ಲಗ್ ಎಂದ, ಹಾರದ ಅಂಗಡಿಯ ಸೈಫುದ್ದೀನ "ಯಾರದೋ ಕಣ್ಣು ತಾಗೇತ್ರಿ ಸಾಹೇಬ್ರ" ಎಂದ. ಅರುಣಕುಮಾರನ ಶಪಥ ಗಾಳಿಗೆ ಹೋಯಿತು; ಎಂದವರೆಲ್ಲ ಒಬ್ಬೊಬ್ಬರಾಗಿ ಒಳಗೆ ಕೂತು, ಎಕ್ಸಲೇಟರನ್ನು ಮನಸಾರೆ ಕುಟ್ಟಿಯೇ ಇಳಿದರು. ಪಾಪ, ಇಂಜಿನ್ ಗಂಟಲಮಟ ಕುಡಿದು ಕೂತಿತ್ತು. ಅದಕ್ಕೆ ಬಾಯಾರಿದೆ ಎಂದೇ ಎಲ್ಲರೂ ನಂಬಿದ್ದರು! ಅರುಣಕುಮಾರ ಪಾನೆ ಹಿಡಿದು ಸಿಕ್ಕ ಸಿಕ್ಕ ನಟ್ಟುಗಳನ್ನೆಲ್ಲ ಬಿಗಿ ಮಾಡಿದ. ಬಿಳಿ ಅಂಗಿ ಕರಿ ಆಯಿತು. ಕೊನೆಗೆ ನೂಕಿಸಿದ. ನೂಕಿದವನೊಬ್ಬನ ಚಪ್ಪಲಿ ಹರಿಯಿತೇ ಹೊರತು ಗಾಡಿ ಚಾಲೂ ಆಗಲಿಲ್ಲ.

ನಾಲ್ಕು ಹೊಡೆಯಿತು. ಬಸ್ಸು ಹೋಗಿಯಾಗಿತ್ತು, ಬೇರೆ ಗಾಡಿ ಸಿಗಲಿಲ್ಲ. ನಂದಾ ಅಕ್ಕನಿಗೆ ಫೋನ್ ಹಚ್ಚಿದಳು. ಸಾವಿನ ಮನೆಯ ಗದ್ದಲದಲ್ಲಿ ಯಾರು ಎತ್ತುತ್ತಾರೆ?

"ಹಡದ ಅಪ್ಪನ ಮುಖಾ ನನಗ ನೆನಪಿಲ್ಲ," ಎಂದಳು ಮೆಲ್ಲಗೆ. "ಕಾಕಾನ ಮುಖಾನೂ ನೋಡಾಕ ಸಿಗಲಿಲ್ಲಂದ್ರ ನಾ ಏನ್ ಮಾಡ್ಲಿ?"

ಅರುಣಕುಮಾರನ ಕೈಯಿಂದ ಪಾನೆ ಜಾರಿ ಬಿತ್ತು. ಅವಳು ಬೈದಿದ್ದರೆ ತಿರುಗಿ ಬೈಯಬಹುದಿತ್ತು. ನಾಚಿಕೆಯಿಂದ ಬಾಗಿ ಪಾನೆಯನ್ನೆತ್ತಿ ಡಬ್ಬಿಯಲ್ಲಿಟ್ಟು ಮುಚ್ಚಿದ.

ನಂದಾ ಕಣ್ಣೊರೆಸಿಕೊಂಡಳು. ಚೋಕನ್ನು ಒಳಗೆ ಒತ್ತಿದಳು. ಚಾವಿ ಕಿತ್ತು ಮುಷ್ಟಿಯಲ್ಲಿ ಹಿಡಿದಳು. "ಇನ್ನ ಯಾರೂ ಮುಟ್ಟಬ್ಯಾಡ್ರಿ!" ಎಂದು ನೆರೆದವರಿಗೆ ಹೇಳಿ, ಕಾಕಾನಿಗೆಂದು ಕೊಂಡಿದ್ದರಲ್ಲೇ ಒಂದು ಎಲೆಗೆ ಸುಣ್ಣ ಸವರಿ, ಅಡಿಕೆ ಇಟ್ಟು ಮಡಚಿ ಗಂಡನ ಮುಂದೆ ಹಿಡಿದಳು.

"ಹಾಕೋರಿ."

"ನಾ ಎಂದೂ ಹಾಕೊಂಡಿಲ್ಲಲ್ಲ ನಂದಾ..."

"ಸುಮ್ನ ಹಾಕೋರಿ."

ಸುಣ್ಣ ಹೆಚ್ಚಾಗಿ ನಾಲಿಗೆ ಚುರ್ ಎಂದಿತು. ನೋಡಲು ಏನೂ ಉಳಿಯದೆ ಜನ ಚದುರಿದರು. ಅರುಣಕುಮಾರ ಗಾಡಿಗೆ ಒರಗಿ ಅಗಿದ. ಇದೇ ರಸ್ತೆಯಲ್ಲಿ ಕಾಕಾ ಎಷ್ಟು ಸಲ ಹೀಗೆ ನಿಂತಿದ್ದನೋ! ತಾನು ನಕ್ಕಿದ್ದು ನೆನಪಾಗಿ ಅವನ ಕಣ್ಣಲ್ಲಿ ನೀರು ಬಂತು.

"ಅಳಬ್ಯಾಡ್ರಿ," ಎಂದಳು ನಂದಾ.

"ಸುಣ್ಣಾ ಜಾಸ್ತಿ ಆಗೇತಿ," ಎಂದ.

ಎಲೆ ಮುಗಿಯಿತು. ಅವನು ಎಕ್ಸಲೇಟರನ್ನು ಪೂರಾ ಒತ್ತಿ ಹಿಡಿದು, ಕುಟ್ಟದೆ, ಚಾವಿ ತಿರುವಿದ. ಗಾಡಿ ಎರಡು ಸಲ ಕೆಮ್ಮಿ, ಕರಿ ಹೊಗೆ ಕಾರಿ, ಚಾಲೂ ಆಯಿತು.

ಘೋಣಸಗಿ ಮುಟ್ಟಿದಾಗ ಐದರ ಸಮೀಪ. ಅಂಗಳದ ಚಪ್ಪರದಡಿ, ಹಾರಗಳ ನಡುವೆ, ಪದ್ಧತಿಯಂತೆ ಕೂಡಿಸಿದ್ದ ಕಾಕಾನ ದೇಹ ಇನ್ನೂ ಹಾಗೇ ಇತ್ತು. ನಂದಾ ಓಡಿಹೋಗಿ ಆ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಮನಸಾರೆ ಅತ್ತಳು.

ವಿಧಿ ನಡೆಸಲು ಬಂದಿದ್ದ ಹಿರಿಯ ಗುರುಪಾದಯ್ಯನಿಗೆ ಅರುಣಕುಮಾರ ಕೈಮುಗಿದ. ಉಸಿರು ತಿರುಗಿದ್ದೇ ತಡ, ಹಳೆಯ ಚಾಳಿಯೂ ತಿರುಗಿ ಬಂತು.

"ತಡಾ ಆತ್ರಿ ಅಜ್ಜಾರ. ಗಾಡಿಗೆ ಭಾರಿ ಸೂಕ್ಷ್ಮ ದೋಷ ಬಂದಿತ್ತು. ಕಡೀಕ ನಾನ ರಿಪೇರಿ ಮಾಡೀನ್ರಿ."

ಗುರುಪಾದಯ್ಯ ಅವನ ಕೆಂಪು ತುಟಿಗಳನ್ನು ನೋಡಿದ. "ಯಾರು ರಿಪೇರಿ ಮಾಡ್ಯಾರಂತ ನಿಮ್ಮ ಬಾಯಿನ ಹೇಳಾಕತ್ತೈತಿ, ಬಿಡ್ರಿ."

"ನಾಕಕ್ಕ ಎತ್ತತಾರ ಅಂದಿದ್ರಲ್ರಿ?"

"ಎತ್ತಾವ್ರ ಇದ್ವಿ. ಆದ್ರ ಬಸಗೊಂಡಪ್ಪ ಹಾಸಿಗಿ ಹಿಡದಾಗ ನನಗ ಹೇಳಿದ್ದ. 'ನಂದಾ ನನ್ನ ಗಾಡಿಯಾಗ ಬರ್ತಾಳ. ಆಕಿ ಬರೂತನಕ ಎಲಿ ಹಾಕೋತ ಕುಂದರ್ರಿ. ಒಂದು ಎಲಿ ಸಾಲಾಂಗಿಲ್ಲ, ಎರಡು ಹಾಕೋರಿ. ಮೊದಲನೇ ಎಲಿ ಹೊತ್ತು ಅಳಿಯಾ ಗಾಡಿ ಕೂಡ ಜಗಳಾಡ್ತಾನ.'"

ಅರುಣಕುಮಾರ ಅಂಗಳದತ್ತ ತಿರುಗಿ ನೋಡಿದ. ಕೂತವರೆಲ್ಲ ಎರಡನೆಯ ಎಲೆ ಅಗಿಯುತ್ತಿದ್ದರು.