ಅಜ್ಜೂರಿ ಮತ್ತು ಒಂದ್ಮಿರ್ಚಿ

ತಂದೆತಾಯಿ ಇಟ್ಟ ಹೆಸರು ಮನುಷ್ಯನಿಗೆ ಉಪಯೋಗಕ್ಕೆ ಬರುವುದು ಎರಡೇ ಕಡೆ ಎಂಬುದು ನನ್ನ ಅನುಭವ. ಒಂದು, ಶಾಲೆಯಲ್ಲಿ ಹಾಜರಿ ಕರೆಯುವಾಗ. ಇನ್ನೊಂದು, ಕಚೇರಿಯಲ್ಲಿ ಸಹಿ ಹಾಕುವಾಗ. ಉಳಿದ ಹೊತ್ತಿನಲ್ಲೆಲ್ಲ ಊರು ಇಟ್ಟ ಹೆಸರೇ ಗತಿ. ನನ್ನ ಹೆಸರು ಬಸವರಾಜ, ಹುಟ್ಟಿದೂರು ಸಾಲಗುಂದ. ಸಿಂಧನೂರಿನ ಬಸ್ ನಿಲ್ದಾಣದಲ್ಲಿ ನಿಂತು ‘ಬಸವರಾಜಾ’ ಎಂದು ಒಮ್ಮೆ ಕೂಗಿ ನೋಡಿ. ಹತ್ತಿದವರು ಇಳಿಯುತ್ತಾರೆ, ಇಳಿದವರು ಮತ್ತೆ ಹತ್ತುತ್ತಾರೆ. ಹೀಗಾಗಿ ನಮ್ಮ ಕಡೆ ಅಡ್ಡಹೆಸರಿಲ್ಲದೆ ಯಾರ ಸಂಸಾರವೂ ಸಾಗುವುದಿಲ್ಲ. ಆದರೆ ಇದರಲ್ಲೊಂದು ತೊಡಕಿದೆ. ನಮ್ಮಲ್ಲಿ ಮನೆತನದ ಹೆಸರಿಗೂ ಅಡ್ಡಹೆಸರೇ ಎನ್ನುತ್ತಾರೆ, ನಾಲ್ಕು ಜನ ಸೇರಿ ಗೇಲಿಗೆ ಇಟ್ಟ ಹೆಸರಿಗೂ ಅಡ್ಡಹೆಸರೇ ಎನ್ನುತ್ತಾರೆ. ಮೆಣಸಿನಕಾಯಿ, ಉಳ್ಳಾಗಡ್ಡಿ ಎಂಬ ಮರ್ಯಾದಸ್ಥ ಮನೆತನಗಳೇ ಇರುವಾಗ ಯಾವುದು ವಂಶದ್ದು, ಯಾವುದು ಕುಚೇಷ್ಟೆಯದ್ದು ಎಂದು ಹೊರಗಿನವರಿಗೆ ತಿಳಿಯುವುದಾದರೂ ಹೇಗೆ? ಈ ಒಂದು ಶಬ್ದದ ಎರಡು ಅರ್ಥಗಳ ನಡುವೆ ನನ್ನ ಮದುವೆ ಸಿಕ್ಕಿಹಾಕಿಕೊಂಡಿತ್ತು. ಅದನ್ನು ಬಿಡಿಸಿಕೊಳ್ಳಲು ನಾನು ಯುರೋಪಿನ ಫುಟ್‌ಬಾಲ್ ತಂಡಗಳ ತನಕ ಹೋಗಬೇಕಾಯಿತು.

ಮೊದಲು ನನ್ನ ಮೊದಲನೆಯ ಅಡ್ಡಹೆಸರಿನ ಕಥೆ ಹೇಳಿಬಿಡುತ್ತೇನೆ. ಸರ್ಕಾರಿ ಗುಮಾಸ್ತನಾಗಿ ಲಿಂಗಸುಗೂರಿಗೆ ಹೋದ ದಿನ, ಬಸ್ಸಿಳಿದವನೇ ನಿಲ್ದಾಣದ ಹತ್ತಿರದ ಹೋಟೆಲಿನಲ್ಲಿ ಮಂಡಾಳು, ಅಂದರೆ ಮಂಡಕ್ಕಿಯ ಒಗ್ಗರಣೆ, ಮಿರ್ಚಿ ಭಜಿ ಹೊಟ್ಟೆ ಬಿರಿಯುವಷ್ಟು ತಿಂದು ಕಚೇರಿಗೆ ಹಾಜರಾದೆ. ಹೊಸಬ ಬಂದಿದ್ದಾನೆಂದು ಕಚೇರಿಯವರೆಲ್ಲ ಪ್ರೀತಿಯಿಂದ ಮತ್ತೆ ಅದೇ ಒಗ್ಗರಣೆ, ಮಿರ್ಚಿ ತರಿಸಿದರು. ನಾನು ಕೈಮುಗಿದು, “ನನಗೆ ಒಂದ ಮಿರ್ಚಿ ಸಾಕ್ರೀ” ಅಂದೆ. ಅಷ್ಟೇ ಅಂದದ್ದು. ಆ ಒಂದನ್ನೂ ನುಂಗಲಾಗದೆ ಬಹಳ ಹೊತ್ತು ಕೈಯಲ್ಲಿ ಹಿಡಿದುಕೊಂಡು ಕುಳಿತಿದ್ದೆ. ಸಂಜೆಯ ಹೊತ್ತಿಗೆ ನಾನು ‘ಒಂದ್ಮಿರ್ಚಿ’ ಆಗಿದ್ದೆ. ಮರುದಿನದಿಂದ ನಾನು ಎಷ್ಟು ಮಿರ್ಚಿ ತಿಂದರೂ ಪ್ರಯೋಜನವಾಗಲಿಲ್ಲ. ಹೆಸರೊಮ್ಮೆ ಬಿದ್ದ ಮೇಲೆ ಅದಕ್ಕೆ ಸಾಕ್ಷಿಪುರಾವೆ ಯಾರಿಗೂ ಬೇಕಾಗುವುದಿಲ್ಲ. ಮುಂದೆ ಮಸ್ಕಿಗೆ ವರ್ಗವಾಯಿತು. ಹಾಸಿಗೆ ಸುರುಳಿ ಹೊತ್ತುಕೊಂಡು ಬಸ್ಸಿಳಿಯುತ್ತಿದ್ದಂತೆ, ಹಿಂದೆಂದೂ ನೋಡದ ಒಬ್ಬ ಮನುಷ್ಯ ನಗುನಗುತ್ತ ಬಂದು, “ಒಂದ್ಮಿರ್ಚಿ ಅವ್ರು ನೀವ ಹೌದಲ್ರೀ? ನಿಮ್ಮ ಖೋಲಿ ಈ ಕಡೆ ಐತ್ರೀ” ಎಂದು ಕೋಣೆಯ ದಾರಿ ತೋರಿಸಿದ. ಹೆಸರು ನನಗಿಂತ ಮೊದಲಿನ ಬಸ್ಸಿಗೇ ಬಂದಿತ್ತು.

ಸಿಂಧನೂರಿಗೆ ವರ್ಗವಾದಾಗ ನಾನು ಎಚ್ಚರಗೊಂಡೆ. ಅದಕ್ಕೆ ಕಾರಣವಿತ್ತು. ಮನೆಯಲ್ಲಿ ನನಗೆ ಹೆಣ್ಣು ನೋಡಲು ಶುರುಮಾಡಿದ್ದರು. ಗುರುಗುಂಟಾದ ಶರಣಪ್ಪ ಎಂಬ ಜಮೀನುದಾರರ ಮಗಳ ಜೊತೆ ಮಾತುಕತೆ ನಡೆದು, ಹುಡುಗಿಯನ್ನು ನಾನು ನೋಡಿಯೂ ಬಂದಿದ್ದೆ. ಹೆಸರು ಶಾಂತಾ. ಚಹಾ ಕೊಡುವಾಗ ಆಕೆ ಒಮ್ಮೆ ತಲೆ ಎತ್ತಿ ನೋಡಿ ತುಟಿ ಕಚ್ಚಿಕೊಂಡು ನಕ್ಕಿದ್ದಳು. ಆ ನಗುವಿಗೆ ನಾನು ಅಲ್ಲಿಯೇ ಸೋತುಹೋಗಿದ್ದೆ, ಸುಳ್ಳು ಯಾಕೆ ಹೇಳಲಿ. ಆದರೆ ಶರಣಪ್ಪನವರು ಗಟ್ಟಿ ಕುಳ. “ವರ ನೌಕರಿ ಮಾಡೋ ಊರಿಗೆ ನಾನ ಒಮ್ಮೆ ಹೋಗಿ ನಾಕ ಮಂದೀನ ಕೇಳ್ತೀನಿ, ಆಮ್ಯಾಲ ಮಾತು” ಅಂದಿದ್ದರು. ಅವರು ಬಂದು ಕೇಳಿ, ಯಾರಾದರೂ ‘ಒಂದ್ಮಿರ್ಚಿ’ ಅಂದುಬಿಟ್ಟರೆ? ಒಂದೇ ಮಿರ್ಚಿ ತಿನ್ನುವ ಜಿಪುಣನಿಗೋ ರೋಗಿಷ್ಠನಿಗೋ ಯಾವ ತಂದೆ ಮಗಳನ್ನು ಕೊಡುತ್ತಾನೆ? ಹಳೆಯ ಹೆಸರು ಬಸ್ಸು ಹತ್ತಿ ಬರುವುದರೊಳಗೆ ಸಿಂಧನೂರಿನಲ್ಲಿ ಒಂದು ಘನವಾದ ಹೊಸ ಹೆಸರು ಸಂಪಾದಿಸಿಕೊಳ್ಳಬೇಕೆಂದು ನಾನು ನಿಶ್ಚಯಿಸಿದೆ.

ಅದು ಇಟಲಿಯಲ್ಲಿ ವಿಶ್ವಕಪ್ ಫುಟ್‌ಬಾಲ್ ನಡೆದ ವರ್ಷ. ಬಸ್ ನಿಲ್ದಾಣದ ಎದುರಿಗೆ ಖಾಜಾಸಾಬರ ಟ್ರ್ಯಾಕ್ಟರ್ ಸಾಮಾನಿನ ಅಂಗಡಿ. ಅಲ್ಲಿ ಒಂದು ಟಿ.ವಿ. ಇತ್ತು. ಅಂಗಡಿ ಮುಚ್ಚುವ ಹೊತ್ತಿಗೆ ಆಟ ಶುರುವಾಗುತ್ತಿತ್ತು. ನಾನು, ನನ್ನ ಸಹೋದ್ಯೋಗಿ ವೀರೇಶ, ಗಿರಾಕಿಗಳು, ಕಡೆಯ ಬಸ್ಸು ತಪ್ಪಿಸಿಕೊಂಡವರು ಎಲ್ಲ ಸೇರುತ್ತಿದ್ದೆವು. ಆಟ ಯಾರದ್ದೇ ಇರಲಿ, ವಿವರಣೆ ನನ್ನದು. ಏಕೆಂದರೆ ಅಲ್ಲಿ ಇಂಗ್ಲಿಷ್ ಪೇಪರು ಓದುತ್ತಿದ್ದವನು ನಾನೊಬ್ಬನೇ. ಅದರಲ್ಲಿ ದಿನವೂ ಈ ತಂಡಗಳ ಅಡ್ಡಹೆಸರುಗಳ ವಿಷಯ ಬರುತ್ತಿತ್ತು. ಬೆಲ್ಜಿಯಂನವರಿಗೆ ಕೆಂಪು ದೆವ್ವಗಳು ಎಂದು ಹೆಸರು. ಬಹಳ ಹಿಂದೆ ಕೆಂಪಂಗಿ ತೊಟ್ಟು ದೆವ್ವ ಬಡಿದವರ ಹಾಗೆ ಆಡಿದ್ದನ್ನು ಕಂಡು ಒಬ್ಬ ಪತ್ರಿಕೆಯವನು ಹಾಗೆ ಬರೆದುಬಿಟ್ಟನಂತೆ. ಅದನ್ನೋದಿದಾಗ ನನಗೆ ಜ್ಞಾನೋದಯವಾಯಿತು. ಹೆಸರು ನಾವು ಇಟ್ಟುಕೊಳ್ಳುವುದಲ್ಲ, ನೋಡುವವನು ಇಡಬೇಕು. ಒಂದು ಸಂಜೆ ವೀರೇಶನನ್ನು ಪಕ್ಕಕ್ಕೆ ಕರೆದು, “ಮಸ್ಕಿಯೊಳಗ ಎಲ್ಲಾರೂ ನನಗ ಸಿಂಹ ಅಂತಿದ್ರು, ನೋಡು” ಎಂದು ಬೀಜ ಬಿತ್ತಿದೆ. ಅವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಸಿಂಹ ಯಾವತ್ತಾರ ತನ್ನ ಹೆಸರ ತಾನ ಹೇಳ್ಕೊಂತ ಅಡ್ಡಾಡತೈತೇನಲೇ?” ಅಂದ. ಬೀಜ ಮೊಳೆಯಲಿಲ್ಲ.

ಆದರೂ ನಾನು ಬಿಡಲಿಲ್ಲ. ಇಂಗ್ಲೆಂಡಿನವರಿಗೆ ಮೂರು ಸಿಂಹಗಳು ಎನ್ನುತ್ತಾರೆ, ಅವರ ಹಳೆಯ ರಾಜರ ಗುರಾಣಿಯ ಮೇಲೆ ಮೂರು ಸಿಂಹಗಳಿದ್ದವು ಎಂದು ವಿವರಿಸಿದೆ. ಖಾಜಾಸಾಬರು, “ಅದರಾಗೇನೈತ್ರೀ? ನಮ್ಮ ಸರಕಾರದ ಮೊಹರಿನ್ಯಾಗೂ ಮೂರ ಅದಾವಲ್ಲ” ಅಂದರು. ಅಲ್ಲ, ನಮ್ಮದರಲ್ಲಿ ನಾಲ್ಕಿವೆ, ಒಂದು ಹಿಂದೆ ಇದೆ ಎಂದೆ. “ಹಂಗಾರ ಅವರದೂ ಒಂದು ಹಿಂದ ಇರಬೇಕು, ಸರಿಯಾಗಿ ನೋಡ್ರಿ” ಅಂದುಬಿಟ್ಟರು. ಹಾಲೆಂಡಿನವರಿಗೆ ಕಿತ್ತಳೆ ಎನ್ನುತ್ತಾರೆ, ಅವರ ಬಾವುಟದಲ್ಲಿ ಕಿತ್ತಳೆ ಬಣ್ಣವೇ ಇಲ್ಲ, ಅದು ಅವರ ರಾಜಮನೆತನದ ಹೆಸರು ಎಂದೆ. ಕುಳಿತವರಿಗೆ ಯಾರಿಗೂ ಆಶ್ಚರ್ಯವಾಗಲಿಲ್ಲ. “ಉಳ್ಳಾಗಡ್ಡಿ ಅವ್ರು ಇದ್ದಂಗ ಕಿತ್ತಳಿ ಅವ್ರು” ಎಂದು ಒಬ್ಬ ರೈತ ತಲೆದೂಗಿದ. ಇನ್ನು ಜರ್ಮನಿ. ಅವರದು ‘ಮಾನ್‌ಶಾಫ್ಟ್’ ಅಂದೆ. ಆ ಅಂಗಡಿಯಲ್ಲಿ ಶಾಫ್ಟ್ ಎಂದರೆ ಒಂದೇ ಅರ್ಥ, ಟ್ರ್ಯಾಕ್ಟರಿನಲ್ಲಿ ತಿರುಗುವ ಕಬ್ಬಿಣದ ದಂಡ. “ಎಷ್ಟ ಇಂಚಿಂದ್ರೀ?” ಎಂದು ಖಾಜಾಸಾಬರು ಗಂಭೀರವಾಗಿ ಕೇಳಿದರು. ಅದು ಸಾಮಾನಲ್ಲ, ಅವರ ಭಾಷೆಯಲ್ಲಿ ತಂಡ ಎಂದಷ್ಟೇ ಅರ್ಥ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ಕಡೆಗೆ ಜರ್ಮನಿಯವರೇ ಕಪ್ ಗೆದ್ದಾಗ, “ನಾ ಅವತ್ತ ಹೇಳಿದ್ನಲ್ಲ, ಜರ್ಮನಿ ಶಾಫ್ಟು ಮುರಿಯೂದಿಲ್ಲ ಅಂತ” ಎಂದು ಅವರು ಊರೆಲ್ಲ ಹೇಳಿಕೊಂಡು ಬಂದರು.

ನಾನು ಕೆಟ್ಟದ್ದು ಇಟಲಿಯಿಂದ. ಇಟಲಿಯವರಿಗೆ ‘ಅಜ್ಜೂರಿ’ ಎನ್ನುತ್ತಾರೆ, ಹಾಗೆಂದರೆ ನೀಲಿಯವರು, ಹಿಂದೆ ಅಲ್ಲಿ ಆಳಿದ ರಾಜಮನೆತನದ ಬಣ್ಣ ನೀಲಿ, ರಾಜ ಹೋದರೂ ಬಣ್ಣ ಉಳಿಯಿತು ಎಂದು ನಾನು ಉಪನ್ಯಾಸ ಕೊಟ್ಟೆ. “ನಿಜಾಮ ಹೋದ, ತಹಶೀಲು ಉಳೀತು, ಹಂಗ” ಎಂದು ಖಾಜಾಸಾಬರು ಅರ್ಧ ಒಪ್ಪಿದರು. ಆದರೆ ಆ ರೈತ ಒಪ್ಪಲಿಲ್ಲ. “ನೀಲಿ ಗೀಲಿ ಏನಿಲ್ರೀ. ಈ ಸಲ ಆಟ ನಡ್ಯಾಕತ್ತಿದ್ದು ಎಲ್ಲಿ? ಅವರ ಊರಾಗ. ತಮ್ಮ ಅಜ್ಜನ ಊರಾಗ ಆಡಾಕತ್ತಾರ, ಅದಕ್ಕ ಅಜ್ಜೂರಿ” ಅಂದ. ಎಲ್ಲರೂ ಹೌದೌದು ಎಂದರು. ನನಗೆ ರೇಗಿತು. ಅಜ್ಜೂರಿ ಎಂದರೆ ಅದಲ್ಲ ಎಂದು ಆ ದಿನ ವಾದಿಸಿದೆ, ಮರುದಿನ ವಾದಿಸಿದೆ, ದಾರಿಯಲ್ಲಿ ಸಿಕ್ಕವರಿಗೂ ಹೇಳಿದೆ. ವಾರ ಕಳೆಯುವುದರಲ್ಲಿ ಕಚೇರಿಯ ಜವಾನನೂ ನನ್ನನ್ನು “ಅಜ್ಜೂರಿ ಸಾಹೇಬ್ರ” ಎಂದು ಕರೆಯುತ್ತಿದ್ದ. ಇಟಲಿ ಸೋತ ಮರುದಿನ ಬೆಳಿಗ್ಗೆ ಜನ ನನ್ನ ಖೋಲಿಗೇ ಬಂದು, “ಮನಸ್ಸಿಗೆ ಹಚ್ಕೋಬ್ಯಾಡ್ರೀ” ಎಂದು ಸಮಾಧಾನ ಹೇಳಿಹೋದರು. ಸಿಂಹವಾಗದಿದ್ದರೂ ಚಿಂತೆಯಿಲ್ಲ, ಒಂದ್ಮಿರ್ಚಿಯಿಂದ ಪಾರಾದೆನಲ್ಲ ಎಂದು ನಾನೂ ಸುಮ್ಮನಾದೆ.

ಶರಣಪ್ಪನವರು ಬಂದದ್ದು ಅದೇ ಸಮಯಕ್ಕೆ. ಬಸ್ಸಿಳಿದು ಎದುರಿಗೇ ಇದ್ದ ಖಾಜಾಸಾಬರ ಅಂಗಡಿಗೆ ಹೋಗಿ, ನೌಕರಿ ಮಾಡುವ ಸಾಲಗುಂದದ ಬಸವರಾಜ ಎಲ್ಲಿ ಸಿಗುತ್ತಾನೆ ಎಂದು ಕೇಳಿದ್ದಾರೆ. “ಓ, ಅಜ್ಜೂರಿ ಅವರಾ!” ಎಂದಿದ್ದಾರೆ ಖಾಜಾಸಾಬರು. “ಅಜ್ಜೂರಿ ಅಂದ್ರ ಅವರ ಅಡ್ಡಹೆಸರೇನ್ರೀ?” “ಹೌದ್ರೀ, ಅಡ್ಡಹೆಸರ. ಸಿಂಧನೂರಾಗ ಯಾರನ್ನ ಕೇಳಿದ್ರೂ ಹೇಳ್ತಾರ.” ಇಬ್ಬರೂ ಸುಳ್ಳು ಹೇಳಲಿಲ್ಲ, ಆದರೆ ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯಲೂ ಇಲ್ಲ. ನಮ್ಮ ಮನೆಯವರನ್ನು ಎಲ್ಲರೂ ಬರೀ ಸಾಲಗುಂದದವರು ಎನ್ನುತ್ತಿದ್ದುದರಿಂದ, ಇಷ್ಟು ದಿನ ಗೊತ್ತಾಗದಿದ್ದ ಮನೆತನದ ಹೆಸರು ಇಂದು ಸಿಕ್ಕಿತೆಂದು ಶರಣಪ್ಪನವರು ಸಂತೋಷಪಟ್ಟಿದ್ದಾರೆ.

ನಾನೂ ವೀರೇಶನೂ ಅಲ್ಲಿಗೆ ಹೋದಾಗ ಅವರು ಮೊದಲು ಕೇಳಿದ ಪ್ರಶ್ನೆಯೇ, “ಅಜ್ಜೂರಿ ಅಂದ್ರ ನಿಮ್ಮ ಅಜ್ಜನ ಊರು ಇರಬೇಕಲ್ರೀ. ಅಲ್ಲಿ ಜಮೀನು ಏನರ ಐತೇನು?” ವೀರೇಶ ನನಗಿಂತ ಮೊದಲು ಬಾಯಿ ಹಾಕಿದ. “ಐತ್ರೀ. ಭಾಳ ಸಪಾಟು ಜಾಗ. ಹುಲ್ಲಂತೂ ಹಸರಂದ್ರ ಹಸರು. ಆದ್ರ ಅಲ್ಲಿ ದಿನಾ ಒದ್ಯಾಟ ನೋಡ್ರಿ, ಹನ್ನೊಂದ ಮಂದಿ ಈ ಕಡೆ, ಹನ್ನೊಂದ ಮಂದಿ ಆ ಕಡೆ.” ಶರಣಪ್ಪನವರು ನಿಟ್ಟುಸಿರು ಬಿಟ್ಟು, “ಜಮೀನಿದ್ದಲ್ಲಿ ದಾಯಾದಿಗಳ ಒದ್ಯಾಟ ಇದ್ದದ್ದ ಬಿಡ್ರಿ” ಎಂದು ನನ್ನ ಬೆನ್ನು ಸವರಿದರು. ನಾನು ವೀರೇಶನ ಕಾಲು ತುಳಿದೆ. ಅಷ್ಟರಲ್ಲಿ ಖಾಜಾಸಾಬರು ಬೀಗರಿಗೆಂದು ಬಿಸಿಬಿಸಿ ಒಗ್ಗರಣೆ, ತಟ್ಟೆ ತುಂಬ ಮಿರ್ಚಿ ತರಿಸಿಟ್ಟರು. ಆ ತಟ್ಟೆ ನೋಡಿ ನನಗೆ ಲಿಂಗಸುಗೂರು ನೆನಪಾಯಿತು. ಹಳೆಯ ಹೆಸರಿನ ವಾಸನೆಯೂ ಇವರಿಗೆ ತಾಕಬಾರದು ಎಂದು ಹಟ ಹಿಡಿದವನ ಹಾಗೆ ತಿಂದೆ. ಶರಣಪ್ಪನವರು ಒಂದು ಮುರಿಯುವುದರಲ್ಲಿ ನನ್ನ ಮುಂದಿನ ತಟ್ಟೆ ಖಾಲಿ. ಕಣ್ಣು, ಮೂಗು ಸೋರುತ್ತಿದ್ದರೂ, “ಇನ್ನೊಂದ ತಟ್ಟಿ ಹೇಳ್ರಿ” ಅಂದೆ. ಅವರು ನನ್ನನ್ನೇ ನೋಡುತ್ತ ಕುಳಿತರು. ಹೋಗುವಾಗ ಮಾತು ಕಡಿಮೆಯಾಗಿತ್ತು. ಅವರು ಹೋದ ಮೇಲೆ ನನಗೆ ಹೆದರಿಕೆಯಾಯಿತು. ಊರಿಂದ ಉತ್ತರ ಬರುವ ತನಕ ನಾನು ಸರಿಯಾಗಿ ನಿದ್ದೆ ಮಾಡಲಿಲ್ಲ.

ಉತ್ತರ ಒಳ್ಳೆಯದೇ ಬಂತು, ಮದುವೆಯೂ ಆಯಿತು. ಲಗ್ನಪತ್ರಿಕೆಯಲ್ಲಿ ಶರಣಪ್ಪನವರು ದಪ್ಪಕ್ಷರದಲ್ಲಿ ‘ಚಿ. ಬಸವರಾಜ ಅಜ್ಜೂರಿ’ ಎಂದೇ ಅಚ್ಚು ಹಾಕಿಸಿದರು. ಇವತ್ತು ನಮ್ಮ ಬಾಗಿಲ ಮೇಲಿನ ಫಲಕದಲ್ಲೂ ಅದೇ ಇದೆ. ಇಟಲಿಯ ರಾಜರ ಬಣ್ಣ ಸಾಲಗುಂದದವರ ಮನೆತನವಾಗಿದೆ. ಅಜ್ಜೂರಿಯ ಜಮೀನಿನ ವಿಷಯ ಮಾವನವರು ಆಗಾಗ ವಿಚಾರಿಸುತ್ತಿದ್ದರು. ವ್ಯಾಜ್ಯ ಇನ್ನೂ ಮುಗಿದಿಲ್ಲ, ನಾಲ್ಕು ವರ್ಷಕ್ಕೊಮ್ಮೆ ತಾರೀಖು ಬೀಳುತ್ತದೆ ಎಂದು ನಾನು ಹೇಳುತ್ತಿದ್ದೆ.

ಮದುವೆಯಾದ ಹೊಸದರಲ್ಲಿ ಒಂದು ಸಂಜೆ ಶಾಂತಾ ಮಿರ್ಚಿ ಕರಿದಳು. ನಾನು ತಟ್ಟೆ ಹಿಡಿದು ಕುಳಿತೆ. ಆಕೆ ಒಂದು ಹಾಕಿ ಒಳಗೆ ಹೋದಳು. ಕಾದೆ, ಕೆಮ್ಮಿದೆ, ಕಡೆಗೆ ನಾಚಿಕೆ ಬಿಟ್ಟು ಇನ್ನೊಂದು ಕೇಳಿದೆ. ಆಕೆ ಬಾಗಿಲಲ್ಲಿ ನಿಂತು, ಚಹಾ ಕೊಟ್ಟ ದಿನದ ಹಾಗೆಯೇ ತುಟಿ ಕಚ್ಚಿಕೊಂಡು ನಕ್ಕಳು. “ನಮ್ಮ ಸಣ್ಣವ್ವ ಲಿಂಗಸುಗೂರಾಗ ಅದಾಳ್ರೀ. ನಿಮ್ಮ ಹೆಸರು ನನಗ ನೀವು ನೋಡಾಕ ಬರೂಕಿಂತ ಮೊದಲ ಗೊತ್ತಿತ್ತು. ಅಪ್ಪ ಸಿಂಧನೂರಿನಿಂದ ಬಂದು, ಬ್ಯಾಡವ್ವ, ಅಂವ ಮನಿ ಮಠ ಎಲ್ಲಾ ತಿಂದು ಮುಗಿಸ್ತಾನ, ಈ ಸಂಬಂಧ ಬಿಡೂಣು ಅಂದ. ನಾನ ಬಿಡಲಿಲ್ಲ. ಇಡೀ ಲಿಂಗಸುಗೂರು ಸುಳ್ಳು ಹೇಳತೈತೇನಪಾ, ಒಂದ ಮಿರ್ಚಿಗೆ ತೃಪ್ತಿ ಆಗೋ ಗಂಡ ಎಲ್ಲಿ ಸಿಗ್ತಾನ ಅಂತ ಹಟ ಹಿಡಿದೆ.”

ನಾನು ಬಾಯಿ ತೆರೆದೆ. ಆ ದಿನ ಬಸ್ ನಿಲ್ದಾಣದ ಹೋಟೆಲಿನಲ್ಲಿ ಏನಾಯಿತೆಂದರೆ ಎಂದು ಶುರುಮಾಡಬೇಕೆಂದುಕೊಂಡೆ. ಆಕೆಯ ಮುಖ ನೋಡಿ ಬಾಯಿ ಮುಚ್ಚಿದೆ. ಅಂದಿನಿಂದ ಇಂದಿನವರೆಗೆ ನಮ್ಮ ಮನೆಯಲ್ಲಿ ಎಲ್ಲರ ತಟ್ಟೆಗೂ ಮಿರ್ಚಿ ಬೇಕಾದಷ್ಟು ಬೀಳುತ್ತದೆ, ನನ್ನ ತಟ್ಟೆಗೆ ಮಾತ್ರ ಒಂದೇ.