ಫರ್ನೆಸ್ ಶೆಡ್ಡಿನಲ್ಲಿ ಬಿಸಿ ತಡೆಯದ ಲ್ಯಾಪ್‌ಟಾಪು

ಬೆಂಕಿಯ ಪಕ್ಕದಲ್ಲೇ ಅನ್ನ ಹುಟ್ಟಿಸಿಕೊಳ್ಳುವವರಿಗೆ ಬಿಸಿಯ ಫಜೀತಿಗಳು ತಪ್ಪಿದ್ದಲ್ಲ. ಆಮೇಲೆ ನೆನೆಸಿಕೊಂಡರೆ ನಗು ಬರುತ್ತದೆ. ನಡೆಯುವಾಗ ಯಾರ ಮುಖದಲ್ಲೂ ನಗು ಇರುವುದಿಲ್ಲ.

ನಾನು ಕಾಮಾಕ್ಷಿಪಾಳ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಕ್ವಾಲಿಟಿ ನೋಡಿಕೊಳ್ಳುವವನು. ಗೇರು, ಶಾಫ್ಟುಗಳನ್ನು ಫರ್ನೆಸ್‌ನಲ್ಲಿ ಕೆಂಪಗೆ ಕಾಯಿಸಿ, ಎಣ್ಣೆಗೆ ಅದ್ದಿ ಗಟ್ಟಿ ಮಾಡುವುದು ನಮ್ಮ ಕಸುಬು. ಕಬ್ಬಿಣದ ಬಿಸಿ ಹೇಳಿದ ಡಿಗ್ರಿಯಿಂದ ಜಾರದ ಹಾಗೆ ಹಿಡಿದಿಡುವ ನಮಗೆ, ಊಟದ ಡಬ್ಬಿಯಷ್ಟಿದ್ದ ಒಂದು ಲ್ಯಾಪ್‌ಟಾಪಿನ ಬಿಸಿ ಹಿಡಿಯಲು ಬರಲಿಲ್ಲ.

ಕಳೆದ ಬೇಸಿಗೆಯ ಮಾತು. ನಮ್ಮ ದೊಡ್ಡ ಗಿರಾಕಿ ಪುಣೆಯ ಒಂದು ಕಂಪನಿ. ಅವರ ಇನ್‌ಸ್ಪೆಕ್ಟರ್ ಮೇಡಂ ಈ ಸಲ ಬರುವುದಿಲ್ಲ, ವಿಡಿಯೋದಲ್ಲೇ ತಪಾಸಣೆ ಎಂದರು. ಫರ್ನೆಸ್ ಬಾಗಿಲಿನಿಂದ ಹಿಡಿದು ಗಟ್ಟಿತನ ಅಳೆಯುವ ಮೆಶೀನಿನವರೆಗೆ ಒಂದೇ ಉಸಿರಿನಲ್ಲಿ ತೋರಿಸಬೇಕು, ಅದೂ ಅವರ ಪ್ರೋಗ್ರಾಮ್ ಹಾಕಿದ ಆ ಲ್ಯಾಪ್‌ಟಾಪಿನಲ್ಲೇ, ಮೊಬೈಲ್ ನಡೆಯದು. ನಡುವೆ ಕಡಿದರೆ ಅಪ್ರೂವಲ್ ಇಲ್ಲ. ಅಪ್ರೂವಲ್ ಇಲ್ಲದಿದ್ದರೆ ಎರಡನೇ ಫರ್ನೆಸ್ ಆರಿಸಿ ಅಲ್ಲಿಯವರನ್ನು ಮನೆಗೆ ಕಳಿಸುವುದು ಎಂದು ಓನರ್ ಹೇಳಿಯಾಗಿತ್ತು. ಲ್ಯಾಪ್‌ಟಾಪೋ, ಶೆಡ್ಡಿಗೆ ಕಾಲಿಟ್ಟರೆ ಸಾಕು, ಬುಸುಗುಟ್ಟಿ ಆರಿಹೋಗುತ್ತಿತ್ತು.

ತೂತಿನ ತಟ್ಟೆ

ಮೊದಲ ಮದ್ದು ಬಂದಿದ್ದು ಕ್ಯಾಂಟೀನಿನಿಂದ. ಅಡುಗೆಯ ಆಂಟಿ ಲ್ಯಾಪ್‌ಟಾಪಿನ ಹೊಟ್ಟೆ ಮುಟ್ಟಿ ನೋಡಿ, "ಅಯ್ಯೋ, ಕೆಳಗೆ ಗಾಳಿ ಆಡಬೇಕು ಸಾರ್" ಎಂದು ಒಂದು ಇಡ್ಲಿ ತಟ್ಟೆ ತಂದು, ಮಗುಚಿ ಮೇಜಿನ ಮೇಲಿಟ್ಟರು. ಕ್ವಾಲಿಟಿ ವಿಭಾಗದ ಮೇಜಿನ ಮೇಲೆ ಪಾತ್ರೆ ಇಡುವುದು ನನ್ನ ನಿಯಮಕ್ಕೆ ವಿರುದ್ಧ. ಆದರೆ ತಟ್ಟೆಯ ಮೇಲೆ ಕೂತ ಲ್ಯಾಪ್‌ಟಾಪು ನಿಜವಾಗಿ ತಣ್ಣಗಿತ್ತು. ಹಾಗೇ ಬಿಟ್ಟೆ.

ಮರುದಿನ ಬೆಳಿಗ್ಗೆ ಓನರ್ ಎದುರಿಗೆ ತಾಲೀಮು. ಎಲ್ಲರೂ ಉಸಿರು ಬಿಗಿಹಿಡಿದು ನಿಂತಿದ್ದೇವೆ. ಬಾಗಿಲು ತಳ್ಳಿಕೊಂಡು ಆಂಟಿ ಬಂದರು.

"ಸಾರ್, ಸ್ವಲ್ಪ ಎತ್ಕೊಳ್ತೀರಾ? ತಟ್ಟೆ ಬೇಕಿತ್ತು."

"ಏನಮ್ಮಾ ಇದು? ಮುಖ್ಯವಾದ ಕೆಲಸ ನಡೀತಾ ಇದೆ!" ಎಂದು ನಾನು ಗದರಿದೆ.

"ಫಸ್ಟ್ ಶಿಫ್ಟಿನೋರು ಹಸ್ಕೊಂಡು ಸಾಲಲ್ಲಿ ನಿಂತವ್ರೆ ಸಾರ್. ಇನ್ನೊಂದು ಒಬ್ಬೆ ಬೇಯಿಸ್ಕೊಂಡು ವಾಪಸ್ ಕೊಡ್ತೀನಿ. ಒರೆಸೇ ಕೊಡ್ತೀನಿ."

ಹಣೆ ಹುಡುಕಿದ್ದು

ರಾಜಾಜಿನಗರದ ರಿಪೇರಿ ಅಂಗಡಿಗೆ ಒಯ್ದೆ. ಅಂಗಡಿಯವನು ಹಿಂಬದಿ ಬಿಚ್ಚಿ ಒಂದು ಕ್ಷಣ ಹಿಂದಕ್ಕೆ ಸರಿದ. ಒಳಗೆಲ್ಲ ಕೆಂಪು. ಫ್ಯಾನಿನ ರೆಕ್ಕೆಗಳಿಗೆ ಕುಂಕುಮ ಮೆತ್ತಿ, ಗಂಧದಲ್ಲಿ ಒಣಗಿ, ಗಾರೆಯಾಗಿತ್ತು. ಆಯುಧಪೂಜೆ!

ಬಂದವನೇ ಫರ್ನೆಸ್ ನೋಡಿಕೊಳ್ಳುವ ಹಿರಿಯ ಆಪರೇಟರನ್ನು ಕರೆಸಿದೆ.

"ಎಲ್ಲ ಮೆಶೀನಿಗೂ ಹಚ್ಚಿದ್ವಿ ಸಾರ್. ಅದೊಂದನ್ನೇ ಹೆಂಗೆ ಬಿಡೋದು? ಪಾಪ, ಅದೂ ದುಡಿಯುತ್ತೆ."

"ಹಚ್ಚಿ, ಬೇಡ ಅನ್ನಲ್ಲ. ಗಾಳಿ ಹೋಗೋ ತೂತಿಗೇ ಯಾಕ್ರೀ ಹಚ್ಚಿದ್ರಿ?"

"ಹಣೆ ಯಾವ ಕಡೆ ಅಂತ ಗೊತ್ತಾಗ್ಲಿಲ್ಲ ಸಾರ್. ಉಸಿರು ಬರ್ತಾ ಇತ್ತಲ್ಲ, ಅದೇ ಮುಖ ಅಂದ್ಕೊಂಡ್ವಿ."

ಇನ್ನು ಮುಂದೆ ಲ್ಯಾಪ್‌ಟಾಪಿಗೆ ಕುಂಕುಮ ಕೂಡದು, ಇದು ಕಟ್ಟಪ್ಪಣೆ ಎಂದೆ. ಆತ ಬಹಳ ವಿನಯದಿಂದ ತಲೆ ಆಡಿಸಿದ.

"ಆಯ್ತು ಸಾರ್. ಹಂಗಾದ್ರೆ ವ್ಯಾನಿಗೆ ಮಾಡ್ದಂಗೆ, ಕೆಳಗೆ ನಿಂಬೆಹಣ್ಣಿಟ್ಟು ಒಂದ್ಸಲ ಹತ್ತಿಸಿಬಿಡ್ತೀವಿ."

ಇಬ್ಬರಿಗೂ ಉಷ್ಣ

ಕುಂಕುಮ ಹೋದ ಮೇಲೆ ಆಫೀಸಿನಲ್ಲಿ ಸರಿಯಾಯಿತು. ಶೆಡ್ಡಿನಲ್ಲಿ ಮಾತ್ರ ಹಳೆಯ ಚಾಳಿ. ತಪಾಸಣೆಯ ಹಿಂದಿನ ಸಂಜೆ ಅದನ್ನು ಬಸವೇಶ್ವರನಗರದ ಮನೆಗೆ ತಂದು ತೊಡೆಯ ಮೇಲಿಟ್ಟುಕೊಂಡು ಕೂತೆ. ಅಮ್ಮ ನೋಡಿದರು.

"ಕೆಂಡ ತೊಡೆ ಮೇಲಿಟ್ಕೊಂಡು ಕೂತಿದೀಯಲ್ಲೋ! ಉಷ್ಣ ಆಗಿ ಕಣ್ಣುರಿ ಬರುತ್ತೆ."

"ಅಮ್ಮಾ, ಅದಕ್ಕೂ ಕಣ್ಣಿಗೂ ಸಂಬಂಧ ಇಲ್ಲ. ನಾಳೆ ಎಂಥಾ ದಿನ ಗೊತ್ತಾ?"

"ಎಂಥಾ ದಿನ ಆದ್ರೂ ತಲೆ ನಿಂದೇ ತಾನೆ?"

ಮಾತು ಮುಗಿಯುವ ಮೊದಲೇ ನಡುನೆತ್ತಿಯ ಮೇಲೆ ಒಂದು ಬೊಗಸೆ ಹರಳೆಣ್ಣೆ ಬಿತ್ತು. ತಟ್ಟಿದರು. ಇನ್ನೂ ತಟ್ಟಿದರು. ಎಣ್ಣೆ ಹಣೆಯಿಂದಿಳಿದು, ಮೂಗಿನ ತುದಿಯಲ್ಲಿ ನಿಂತು, ಕೀಬೋರ್ಡಿನ ಮೇಲೆ ತೊಟ್ಟಿಕ್ಕಿತು. ನಾನು ಚೀರಿದೆ. ಎರಡನೇ ಫರ್ನೆಸ್ಸೇ ಕಣ್ಣ ಮುಂದೆ ಆರಿದಂತಾಯಿತು.

ಅಮ್ಮ ಸೀರೆಯ ಸೆರಗಿನಿಂದ ಕೀಲಿಗಳನ್ನು ಒರೆಸುತ್ತಾ ಸಮಾಧಾನ ಹೇಳಿದರು: "ಬಿದ್ರೆ ಬೀಳ್ಲಿ ಬಿಡೋ. ಅದಕ್ಕೂ ತಂಪೇ."

ಹೊಸ ಹೆಲ್ಪರ್

ತಪಾಸಣೆಯ ದಿನ ಶೆಡ್ಡಿನ ತಗಡಿನ ಮೇಲೆ ಬಿಸಿಲು ಕಾದಿತ್ತು. ಲ್ಯಾಪ್‌ಟಾಪನ್ನು ಎರಡೂ ಕೈಯಲ್ಲಿ ಎತ್ತಿ, ಅದರ ಮುಖವನ್ನು ಮೆಶೀನುಗಳ ಕಡೆ ತಿರುಗಿಸಿ ಹಿಡಿದು ನಾನು ನಡೆಯಬೇಕು. ಮೇಡಂಗೆ ಎಲ್ಲ ಕಾಣುತ್ತಿತ್ತು; ನನಗೆ ಅದರ ಬೆನ್ನು ಮಾತ್ರ. ಯಾರೂ ಮಾತಾಡಕೂಡದು, ಕ್ಯಾಮೆರಾಕ್ಕೆ ಅಡ್ಡ ಬರಕೂಡದು ಎಂದು ಎಲ್ಲರಿಗೂ ಮೊದಲೇ ಹೇಳಿದ್ದೆ.

ಫರ್ನೆಸ್‌ನ ಮೀಟರ್ ತೋರಿಸಿದೆ. ಎಣ್ಣೆ ತೊಟ್ಟಿ ತೋರಿಸಿದೆ. ಫ್ಯಾನಿನ ಕಿರುಚಾಟ ಏರುತ್ತಾ ಹೋಯಿತು, ಬೆರಳು ಸುಡತೊಡಗಿತು. ಇದು ಸಾಯುವ ಮುಂಚಿನ ಸದ್ದು ಎಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಎರಡನೇ ಫರ್ನೆಸ್‌ನವರು ಗೋಡೆಗೆ ಅಂಟಿಕೊಂಡು ನನ್ನ ಕೈಯನ್ನೇ ನೋಡುತ್ತಿದ್ದರು. ಗಟ್ಟಿತನದ ಮೆಶೀನು ಇನ್ನೂ ಶೆಡ್ಡಿನ ಆ ಕೊನೆಯಲ್ಲಿ.

ಅಷ್ಟರಲ್ಲಿ ಪಕ್ಕದಿಂದ ತಣ್ಣನೆ ಗಾಳಿ ಬಂತು. ತಿರುಗಿ ನೋಡಿದರೆ ನಮ್ಮ ಓನರ್! ವಾಚ್‌ಮನ್ನಿನ ಬಿದಿರು ಬೀಸಣಿಗೆ ಹಿಡಿದು, ಬಗ್ಗಿ, ನನ್ನ ಜೊತೆ ಅಡ್ಡಡ್ಡ ಹೆಜ್ಜೆ ಹಾಕುತ್ತಾ ಲ್ಯಾಪ್‌ಟಾಪಿಗೆ ಬೀಸುತ್ತಿದ್ದಾರೆ. ಅಂಗಿಯೆಲ್ಲ ಒದ್ದೆ. ಆ ಗಾಳಿಯಲ್ಲೇ ಮೆಶೀನಿನವರೆಗೆ ಬಂದೆವು. ಅಲ್ಲಿದ್ದವರು ಗೇರು ಇಟ್ಟರು, ಒತ್ತಿದರು, ಮುಳ್ಳು ಸರಿಯಾದ ಅಂಕಿಗೆ ಬಂದು ನಿಂತಿತು.

ಮೇಡಂ ಇಂಗ್ಲಿಷಿನಲ್ಲಿ ಹೇಳಿದರು: "ಸರಿ, ಕಂಡಿತು. ಆದರೆ ಆಗಿನಿಂದ ಒಂದು ಕೈ ಅಡ್ಡ ಬರ್ತಾ ಇದೆ. ಬೆರಳ ತುಂಬ ಉಂಗುರ, ಗ್ಲೌಸ್ ಇಲ್ಲ. ಫರ್ನೆಸ್ ಪಕ್ಕದಲ್ಲಿ! ಯಾರದು?"

ನಾನು ಸುಳ್ಳು ಹೇಳುವವನಲ್ಲ. ಬಾಯಿ ತೆರೆದೆ. ಓನರ್ ನನ್ನ ಕಾಲು ತುಳಿದು, ಬೀಸುತ್ತಾ ಇಂಗ್ಲಿಷಿನಲ್ಲೇ ಕೂಗಿದರು: "ಹೆಲ್ಪರ್ ಮೇಡಂ! ಹೊಸಬ!"

"ಇವರಿಗೆ ಸೇಫ್ಟಿ ಟ್ರೈನಿಂಗ್ ಆಗಿದೆಯಾ?" ಎಂದು ಮೇಡಂ ನನ್ನನ್ನು ಕೇಳಿದರು.

"ಇಲ್ಲ ಮೇಡಂ. ಎಷ್ಟು ಸಲ ಕರೆದರೂ ಬಂದಿಲ್ಲ" ಎಂದೆ. ಅದು ಅಪ್ಪಟ ಸತ್ಯ.

"ಹಾಗಾದರೆ ಈಗಲೇ, ನನ್ನ ಎದುರಿಗೇ ವಾರ್ನ್ ಮಾಡಿ. ಆಮೇಲೆ ಅಪ್ರೂವಲ್ ಮಾತು."

ಲ್ಯಾಪ್‌ಟಾಪಿನ ಫ್ಯಾನು ಇನ್ನೂ ಕಿರುಚುತ್ತಿತ್ತು. ನಿಯಮ ಎಂದರೆ ನಿಯಮ. ಓನರ್ ಕಡೆ ತಿರುಗಿದೆ.

"ಏನ್ರೀ, ಫರ್ನೆಸ್ ಶೆಡ್ಡು ಅಂದ್ರೆ ಮದುವೆ ಮನೆನಾ? ಬಿಚ್ರೀ ಉಂಗುರ! ಇನ್ನೊಂದ್ಸಲ ಗ್ಲೌಸ್ ಇಲ್ದೆ ಬಂದ್ರೆ ಗೇಟಿನಿಂದಲೇ ವಾಪಸ್!"

"ಆಯ್ತು ಸಾರ್. ತಪ್ಪಾಯ್ತು ಸಾರ್" ಎಂದರು ಓನರ್, ಬೀಸಣಿಗೆ ನಿಲ್ಲಿಸದೆ.

ಮೇಡಂಗೆ ಕನ್ನಡ ಬಾರದು, ದನಿ ಸಾಕಾಯಿತೇನೋ. "ಗುಡ್. ಅಪ್ರೂವ್ಡ್" ಎಂದರು. ಆ ಮಾತು ಮುಗಿದ ಕೂಡಲೇ ಲ್ಯಾಪ್‌ಟಾಪು ಕಣ್ಣು ಮುಚ್ಚಿತು.

ಓನರ್ ಒಂದೊಂದೇ ಉಂಗುರ ಕೀಳುತ್ತಾ ನನ್ನನ್ನೇ ನೋಡುತ್ತಿದ್ದರು. ನನ್ನ ಕೆಲಸ ಇದೆಯೋ ಹೋಯಿತೋ ನನಗೇ ತಿಳಿಯಲಿಲ್ಲ. ಆಗ ಹಿಂದಿನಿಂದ ಹಿರಿಯ ಆಪರೇಟರ್ ದನಿ ಬಂತು:

"ಸಾರ್, ಈ ಹೊಸಬನ್ನ ನಾಳೆಯಿಂದ ನನ್ ಶಿಫ್ಟಿಗೇ ಹಾಕಿ. ಬೈದ್ರೂ ಕೆಲಸ ನಿಲ್ಸಲ್ಲ."